ತುವಾಮೋಟು ಅಟಾಲ್‌ಗಳಲ್ಲಿ ಓಪನ್‌ಸಿಪಿಎನ್ ಮತ್ತು ಉಪಗ್ರಹ ಚಿತ್ರ: ದೀರ್ಘ ಬಳಕೆಯ ವಿಮರ್ಶೆ

ಓಪನ್‌ಸಿಪಿಎನ್ ಅಂದರೇನು, ಹಾಕಿಕೊಳ್ಳುವುದು ಹೇಗೆ ಎಂಬುದೆಲ್ಲ ಎಲ್ಲೆಡೆ ಸಿಗುತ್ತದೆ, ಬಿಟ್ಟುಬಿಡೋಣ. ನಕ್ಷೆಯ ಮೇಲೆ ದೋಣಿಗೆ ದಾರಿ ತೋರಿಸುವ, ಕಾಸು ಕೇಳದ ಈ ತಂತ್ರಾಂಶವನ್ನು ನಾನು ಬಿಡದಿರುವುದು ಒಂದೇ ಕಾರಣಕ್ಕೆ: ಅದರ ನಕ್ಷೆಯ ಮೇಲೆ ಉಪಗ್ರಹ ಚಿತ್ರ ಹಾಸಬಹುದು.

ಫ್ರೆಂಚ್ ಪಾಲಿನೇಷ್ಯಾದ ತುವಾಮೋಟುವಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಅಟಾಲ್‌ಗಳಿವೆ, ಅಂದರೆ ಲಗೂನು ಎಂಬ ನೀರಿನ ಹರವನ್ನು ಸುತ್ತುವರಿದ ಹವಳದ ಉಂಗುರಗಳು. ಅನೇಕ ಕಡೆ ಅಧಿಕೃತ ನಕ್ಷೆಯಲ್ಲಿ ಪಾಸು (ಉಂಗುರದಲ್ಲಿ ದೋಣಿ ಒಳಹೋಗುವ ಬಾಯಿ), ಹಳ್ಳಿಯ ಮುಂದಿನ ಲಂಗರು ಜಾಗ, ಇವೆರಡರ ನಡುವಿನ ದಾರಿ, ಇಷ್ಟಕ್ಕೆ ಮಾತ್ರ ಆಳದ ಅಂಕಿಗಳು. ಉಳಿದ ಲಗೂನು ಖಾಲಿ. 30 ಮೀಟರ್ ತಳದಿಂದ ಗೋಡೆಯಂತೆ ಎದ್ದು ನೀರಿನ ಮಟ್ಟಕ್ಕೆ ಒಂದಡಿ ಕೆಳಗೆ ನಿಂತ ಹವಳದ ಬಂಡೆಯನ್ನು ಆಳ ಅಳೆಯುವ ಸೌಂಡರ್ ಹೇಳುವಷ್ಟರಲ್ಲಿ ದೋಣಿಯಡಿಯ ಕೀಲ್ ತಗುಲಿರುತ್ತದೆ. ಉಪಗ್ರಹ ಚಿತ್ರದಲ್ಲಿ ಅದೇ ಬಂಡೆ ಕಡುನೀಲಿಯ ನಡುವೆ ಕಂದು ಮಚ್ಚೆ. ಈ ಸುಖಕ್ಕೆ ಬೆಲೆ ಕಟ್ಟಲಾಗದು.

ತಯಾರಿಯನ್ನು ಪಪೇಟೆಯಂಥ ಒಳ್ಳೆಯ ನೆಟ್ ಇರುವ ಊರಿನಲ್ಲೇ ಮುಗಿಸಬೇಕು. ಉಪಗ್ರಹ ಚಿತ್ರ ಇಳಿಸುವ ಸಾಸ್‌ಪ್ಲಾನೆಟ್ ತಂತ್ರಾಂಶದಲ್ಲಿ ಅಟಾಲನ್ನು ಚೌಕ ಹಾಕಿ ಆರಿಸಿ, ಓಪನ್‌ಸಿಪಿಎನ್ ಓದಬಲ್ಲ ಎಂಬಿಟೈಲ್ಸ್ ಕಡತವಾಗಿ ಉಳಿಸುವುದು. ಇಡೀ ಅಟಾಲಿಗೆ 12ರಿಂದ 17ರ ಜೂಮ್ ಸಾಕು (ಅಂಕಿ ಹೆಚ್ಚಿದಷ್ಟೂ ಚಿತ್ರ ಹತ್ತಿರ). 17ರಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 1.2 ಮೀಟರ್. 18 ಬೇಕಾಗುವುದು ಪಾಸಿಗೆ ಮತ್ತು ಲಂಗರು ಜಾಗಕ್ಕೆ ಮಾತ್ರ. ಎಲ್ಲದಕ್ಕೂ ಹಾಕಿದರೆ ಕಡತ ನಾಲ್ಕು ಪಟ್ಟು ಊದಿಕೊಳ್ಳುತ್ತದೆ. ಎರಡು ಬೇರೆ ಮೂಲಗಳ ಚಿತ್ರ ಇಳಿಸಿಕೊಳ್ಳಿ. ಮೋಡದ ನೆರಳು ಬಂಡೆಯ ವೇಷ ಹಾಕುತ್ತದೆ, ಮೋಡ ಬಂಡೆಯನ್ನೇ ಮುಚ್ಚುತ್ತದೆ. ಎರಡನ್ನೂ ತಾಳೆ ನೋಡಿದರೆ ಗೊತ್ತಾಗುತ್ತದೆ. ಲಗೂನಿನ ಒಳಗೆ ಬಂದ ಮೇಲೆ ಮೊದಲ ಕೆಲಸ, ಜೆಟ್ಟಿಯ ತುದಿಯಲ್ಲಿ ನಿಂತು ಪರದೆಯ ದೋಣಿ ಚಿತ್ರದ ಜೆಟ್ಟಿಯ ಮೇಲೇ ಇದೆಯೇ ಎಂದು ನೋಡುವುದು. ಹತ್ತು ಹದಿನೈದು ಮೀಟರ್ ಪಕ್ಕಕ್ಕಿದ್ದರೆ ಆ ಅಂತರ, ದಿಕ್ಕು ಎರಡನ್ನೂ ಪರದೆಯ ಅಂಚಿಗೆ ಚೀಟಿ ಬರೆದು ಅಂಟಿಸಿ.

ಲಗೂನಿನೊಳಗೆ ದಿನದ ಕ್ರಮ ಹೀಗೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ, ಸೂರ್ಯ ಎತ್ತರದಲ್ಲಿ ಅಥವಾ ಬೆನ್ನಿಗೆ ಇರುವಂತೆ, 4 ನಾಟ್ ವೇಗ. ಒಬ್ಬರು ಪೋಲರೈಸ್ಡ್ ಕನ್ನಡಕ ಹಾಕಿ ಮುಂದುಗಡೆ. ಮಾಸ್ಟ್‌ನ ಸ್ಪ್ರೆಡರ್ (ಹಾಯಿಗಂಬದ ಅಡ್ಡಪಟ್ಟಿ) ಹತ್ತುವ ಧೈರ್ಯವಿದ್ದರೆ ಇನ್ನೂ ಒಳ್ಳೆಯದು. ಕಡುನೀಲಿಯಲ್ಲಿ ಸಾಗಬಹುದು, ತಿಳಿಹಸಿರು ಅಂದರೆ ಮರಳಿನ ಮೇಲಿನ ಕಡಿಮೆ ನೀರು, ಕಂದು ಕಂಡರೆ ತಿರುಗಿಸಬೇಕು. ಸಾಗಿದ ಹಾದಿಯನ್ನೆಲ್ಲ ಓಪನ್‌ಸಿಪಿಎನ್ ಟ್ರ್ಯಾಕ್ ಆಗಿ ದಾಖಲಿಸಿಕೊಳ್ಳುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು ಇದೇ. ರಾತ್ರಿ ಮಾರಾಅಮು, ಅಂದರೆ ಆಗ್ನೇಯದ ಜೋರು ಗಾಳಿ, ಎದ್ದು ಜಾಗ ಬಿಡಬೇಕಾಗಿ ಬಂದರೆ ಚಿತ್ರ ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಇಲ್ಲ. ನಮ್ಮದೇ ಗೆರೆ ಹಿಡಿದು ಹೊರಡಬಹುದು.

ಇಷ್ಟು ಹೊಗಳಿದ ಮೇಲೆ ಬೈಗುಳ. ಲಗೂನಿನಲ್ಲಿ ಇಷ್ಟು ಉಪಕಾರಿಯಾದ ಚಿತ್ರ ಪಾಸಿನ ಬಾಯಲ್ಲಿ ಸೆಳೆತದ ಬಗ್ಗೆ ಏನೂ ಹೇಳುವುದಿಲ್ಲ. ಪಾಸಿನಲ್ಲಿ ಬೇಕಿರುವುದು ಸರಿಯಾದ ಹೊತ್ತು. ಇಲ್ಲಿ ಉಬ್ಬರವಿಳಿತದ ವ್ಯತ್ಯಾಸ ಅರ್ಧ ಮೀಟರಿನ ಆಸುಪಾಸು, ಆದರೂ ಸೆಳೆತ ಭೀಕರ. ದಕ್ಷಿಣದ ದೊಡ್ಡಲೆಗಳು ತಗ್ಗಾದ ಹವಳದ ದಿಬ್ಬ ದಾಟಿ ಲಗೂನಿಗೆ ನೀರು ಸುರಿಯುತ್ತಲೇ ಇರುತ್ತವೆ, ಆ ನೀರಿಗೆ ಹೊರಹೋಗಲು ಪಾಸೇ ಗತಿ. ಅಲೆ ದೊಡ್ಡದಿದ್ದ ದಿನ ಉಬ್ಬರದ ಹೊತ್ತಿನಲ್ಲೂ ನೀರು ಹೊರಗೇ ಹರಿಯುತ್ತದೆ. ತಂತ್ರಾಂಶದ ಉಬ್ಬರದ ಪಟ್ಟಿ ನೀರಿನ ಎತ್ತರ ಹೇಳುತ್ತದೆ, ಈ ಹರಿವನ್ನಲ್ಲ. ಅಲೆ, ಗಾಳಿ ಸೇರಿಸಿ ಲೆಕ್ಕ ಹಾಕುವ ಸ್ಪ್ರೆಡ್‌ಶೀಟ್‌ಗಳು ನಾವಿಕರ ನಡುವೆ ಓಡಾಡುತ್ತವೆ, ಅವೂ ಅಂದಾಜೇ. ಆದ್ದರಿಂದ ಹೊರಗೆ ಒಂದು ಮೈಲಿ ದೂರದಲ್ಲಿ ನಿಂತು ಬೈನಾಕ್ಯುಲರ್ ಹಿಡಿಯಿರಿ. ಹೊರಸೆಳೆತ ಎದುರುಗಾಳಿಗೆ ಗುದ್ದಿ ನಿಂತಲ್ಲೇ ಬಿಳಿ ಅಲೆ ಏಳುತ್ತಿದ್ದರೆ ಕಾಯುವುದು. ಫಕರಾವಾದ ಗರುವಾಎ ಪಾಸು ಸುಮಾರು 1.6 ಕಿ.ಮೀ. ಅಗಲ, ಅಂಚಿಗೆ ಸರಿಯಲು ಜಾಗವಿದೆ; ಕಿರಿದಾದ ಪಾಸುಗಳಲ್ಲಿ ಆ ದಯೆ ಇಲ್ಲ. ಇಳಿತದ ಕೊನೆಯ ಸಣ್ಣ ಸೆಳೆತಕ್ಕೆ ಎದುರಾಗಿ ಒಳಹೋಗುವುದು ಲೇಸು, ಚುಕ್ಕಾಣಿ ಮಾತು ಕೇಳುತ್ತದೆ. ಸೆಳೆತ ಬೆನ್ನಿಗಿದ್ದರೆ ನಿಲ್ಲಿಸಲು ಬ್ರೇಕಿಲ್ಲ.

ಇನ್ನೊಂದು ಅಪಾಯ ಜೂಮ್. 2014ರ ನವೆಂಬರಿನಲ್ಲಿ ಜಗತ್ತು ಸುತ್ತುವ ಹಾಯಿದೋಣಿ ಪಂದ್ಯವಾದ ವೋಲ್ವೋ ಓಷನ್ ರೇಸ್‌ನ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಡೋಸ್ ಕರಾಜೋಸ್ ದಿಬ್ಬಕ್ಕೆ ರಾತ್ರಿ ಬಡಿಯಿತು. ದೂರದ ಜೂಮ್‌ನಲ್ಲಿ ನೋಡಿದ್ದ ಎಲೆಕ್ಟ್ರಾನಿಕ್ ನಕ್ಷೆ ಅಲ್ಲಿ ಬಂಡೆಯಿದೆ ಎನ್ನುವಂತೆ ಕಾಣಿಸಿರಲಿಲ್ಲ. ಓಪನ್‌ಸಿಪಿಎನ್ ಆಗಲಿ ಬೇರೆ ಯಾವುದೇ ಆಗಲಿ, ಹೊರಡುವ ಮುನ್ನ ಇಡೀ ದಾರಿಯನ್ನು ಹತ್ತಿರದ ಜೂಮ್‌ನಲ್ಲಿ ಬೆರಳಿಟ್ಟು ಸರಿಸಿ ನೋಡಲೇಬೇಕು.

ಖರ್ಚಿನ ಮಾತು. ತಂತ್ರಾಂಶ ಪುಕ್ಕಟೆ, ಕರೆಂಟು ಪುಕ್ಕಟೆಯಲ್ಲ. ಲ್ಯಾಪ್‌ಟಾಪ್ 12 ವೋಲ್ಟಿನ ಬ್ಯಾಟರಿಯಿಂದ 4–5 ಆಂಪಿಯರ್ ಎಳೆಯುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಅದರ ಸಣ್ಣ ಪಾಲು ಸಾಕು. ಟ್ಯಾಬ್ಲೆಟ್ ಹೊರಗಿಟ್ಟರೆ ಮಟಮಟ ಮಧ್ಯಾಹ್ನ ಪರದೆ ಕನ್ನಡಿಯಾಗುತ್ತದೆ. ಕೆಲವು ಪರದೆಗಳು ಪೋಲರೈಸ್ಡ್ ಕನ್ನಡಕದಲ್ಲಿ ಪೂರ್ತಿ ಕಪ್ಪು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಆ ಕನ್ನಡಕ ಹಾಕಿ, ಟ್ಯಾಬ್ಲೆಟ್ಟನ್ನು ಅಡ್ಡ, ಉದ್ದ ತಿರುಗಿಸಿ ನೋಡಿ.

5ಕ್ಕೆ 4. ಕಳೆದ ಒಂದು ಅಂಕ ಪರದೆಗೂ ಕರೆಂಟಿಗೂ. ಪಾಸಿನ ಸೆಳೆತಕ್ಕೆ ಅಂಕ ಕಳೆದರೆ ಅನ್ಯಾಯ, ಯಾವ ದುಬಾರಿ ಪ್ಲಾಟರೂ (ದೋಣಿಗೆ ಅಳವಡಿಸುವ ನಕ್ಷೆಯಂತ್ರ) ಅದನ್ನು ಸರಿಯಾಗಿ ಹೇಳುವುದಿಲ್ಲ.