ಅಮೆರಿಕದ ಕಂಪನಿ ವಿಮೆ: ಪ್ರೀಮಿಯಂಗಿಂತ ಮೊದಲು ಶುರುವಾಗುವ ದಿನ ನೋಡಿ

ಅಮೆರಿಕದಲ್ಲಿ ಕೆಲಸ ಬದಲಿಸುವವರು ಪ್ರೀಮಿಯಂ ಎಷ್ಟು, ಡಿಡಕ್ಟಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ವರ್ಷಕ್ಕೆ ನಾವೇ ಭರಿಸಬೇಕಾದ ಖರ್ಚು) ಎಷ್ಟು ಎಂದು ವಿಚಾರಿಸುತ್ತಾರೆ. ಆರೋಗ್ಯ ವಿಮೆ ಯಾವ ತಾರೀಖಿನಿಂದ ಶುರು ಎಂದು ಕೇಳುವವರು ಕಡಿಮೆ. ಕಂಪನಿ ಕೊಡುವ ಪ್ಲಾನ್ ಒಳ್ಳೆಯದೋ ಅಲ್ಲವೋ ಎಂಬುದನ್ನು ಇಲ್ಲಿ ಆ ತಾರೀಖಿನಿಂದಲೇ ಅಳೆದಿದ್ದೇವೆ.

ಸೇರಿದ ದಿನವೇ ಶುರುವಾಗುವ ಪ್ಲಾನ್‌ಗೆ ಪೂರ್ತಿ ಅಂಕ, ಮಾತಿಲ್ಲ. 'ಸೇರಿದ ನಂತರದ ತಿಂಗಳ 1ನೇ ತಾರೀಖು' ಎಂಬ ನಿಯಮ ಬಹಳ ಕಡೆ ಇದೆ. ಜನ ಎಡವುವುದೂ ಇಲ್ಲೇ. ಜೂನ್ 28ಕ್ಕೆ ಸೇರಿದರೆ ಮೂರೇ ದಿನದಲ್ಲಿ, ಜುಲೈ 1ಕ್ಕೆ ವಿಮೆ. ಜುಲೈ 2ಕ್ಕೆ ಸೇರಿದರೆ ಆಗಸ್ಟ್ 1ರವರೆಗೆ ಕಾಯಬೇಕು. ಸರಿಯಾಗಿ ಜುಲೈ 1ಕ್ಕೇ ಸೇರಿದರೆ? ಕೆಲವು ಪ್ಲಾನ್‌ಗಳಲ್ಲಿ ಅಂದೇ ಶುರು, ಕೆಲವು ಆಗಸ್ಟ್‌ಗೆ ತಳ್ಳುತ್ತವೆ. ಎಚ್‌ಆರ್ ಫೋನಿನಲ್ಲಿ ಹೇಳಿದ್ದು ಸಾಲದು, ಇಮೇಲಿನಲ್ಲಿ ಬರೆಸಿಕೊಳ್ಳಿ. ಹಳೆಯ ಕಂಪನಿಯ ವಿಮೆ ಕೊನೆಯ ದಿನಕ್ಕೇ ನಿಲ್ಲುತ್ತದೋ ತಿಂಗಳ ಕೊನೆಯವರೆಗೆ ಇರುತ್ತದೋ, ಅದನ್ನೂ ರಾಜೀನಾಮೆಗೆ ಮೊದಲೇ ಕೇಳಿ.

ಕಡಿಮೆ ಅಂಕ 90 ದಿನ ಕಾಯಿಸುವ ಪ್ಲಾನ್‌ಗೆ. 2014ರಿಂದ ಕಾನೂನಿನ ಗರಿಷ್ಠ ಮಿತಿ ಇದೇ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿ 90. ಹಾಗಾಗಿ '90 ದಿನ ಮುಗಿದ ಮೇಲೆ ಬರುವ ತಿಂಗಳ 1' ಎಂದು ಬರೆದಿದ್ದರೆ ಅದು ನಿಯಮ ಮೀರಿದ್ದು. ಆದರೆ ಅದಕ್ಕೂ ಮೊದಲು ಒಂದು ತಿಂಗಳವರೆಗಿನ ಓರಿಯೆಂಟೇಶನ್ (ಹೊಸಬರಿಗೆ ಕೆಲಸ ಪರಿಚಯಿಸುವ) ಅವಧಿ ಇಡಲು ಅವಕಾಶವಿದೆ, ಕಾಯುವುದು ನಾಲ್ಕು ತಿಂಗಳ ಹತ್ತಿರ ಹೋಗಬಹುದು.

ಹಳೆಯ ವಿಮೆ ನಿಂತು ಹೊಸದು ಶುರುವಾಗುವ ನಡುವಿನ ಅಂತರಕ್ಕೆ ಕೋಬ್ರಾ ಇದೆ, ಅಂದರೆ ಕೆಲಸ ಬಿಟ್ಟ ಮೇಲೂ ಹಳೆಯ ಕಂಪನಿಯ ವಿಮೆಯನ್ನು ಸ್ವಂತ ಹಣದಲ್ಲಿ ಮುಂದುವರಿಸಲು ಬಿಡುವ ಕಾನೂನು. ದುಬಾರಿ ಎಂಬ ದೂರು ನಿಜ: ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಅದರ ಮೇಲೆ ಶೇ. 2ರವರೆಗೆ ನಿರ್ವಹಣಾ ಶುಲ್ಕ. ಆದರೂ ನಮ್ಮ ಮೆಚ್ಚುಗೆ ಅದರ ಗಡುವಿಗೆ. ವಿಮೆ ನಿಂತ ದಿನ ಅಥವಾ ನೋಟಿಸ್ ಬಂದ ದಿನ, ಯಾವುದು ತಡವೋ ಅಲ್ಲಿಂದ 60 ದಿನ ಯೋಚಿಸಲು ಸಮಯ. ಆಯ್ದುಕೊಂಡ ಮೇಲೆ ಮೊದಲ ಹಣ ಕಟ್ಟಲು ಇನ್ನೂ 45 ದಿನ. ರಕ್ಷಣೆ ಮಾತ್ರ ಹಳೆಯ ವಿಮೆ ನಿಂತ ದಿನದಿಂದಲೇ ಲೆಕ್ಕ. ಅಂತರ ಒಂದೇ ತಿಂಗಳಿದ್ದರೆ ಫಾರ್ಮ್ ಇಟ್ಟುಕೊಂಡು ಕಾಯಬಹುದು, ಆಸ್ಪತ್ರೆ ಖರ್ಚು ಬಂದರಷ್ಟೇ ಸಹಿ ಹಾಕಬಹುದು. ಆಗ ಹಿಂದಿನ ದಿನಗಳ ಪ್ರೀಮಿಯಂ ಪೂರ್ತಿ ಕಟ್ಟಬೇಕು, ಬೇಕಾದ ವಾರಕ್ಕಷ್ಟೇ ಕಟ್ಟುತ್ತೇನೆಂದರೆ ಆಗದು. ಕಟ್ಟುವವರೆಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ವಿಮೆ ಇಲ್ಲವೆಂದೇ ತೋರಿಸಬಹುದು. ಕೈಯಿಂದ ಕೊಟ್ಟು ಆಮೇಲೆ ಕ್ಲೇಮ್ ಮಾಡಬೇಕಾದೀತು. ನಿತ್ಯ ಔಷಧಿ ಬೇಕಾದವರು, ಗರ್ಭಿಣಿಯರು ಈ ಕಾಯುವ ಆಟಕ್ಕೆ ಹೋಗದಿರುವುದೇ ಮೇಲು. ಈ ಫೆಡರಲ್ ಕೋಬ್ರಾ 20 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಮಾತ್ರ. ವಿದೇಶದಿಂದ ಹೊಸದಾಗಿ ಬಂದವರಿಗೆ ಹಳೆಯ ಪ್ಲಾನೇ ಇಲ್ಲದ್ದರಿಂದ ಇದು ದಕ್ಕದು.

ಅರ್ಹತೆ ಬಂದ ಮಾತ್ರಕ್ಕೆ ವಿಮೆ ತಾನಾಗಿ ಬರುತ್ತದೆಂದು ಕೂರಬೇಡಿ. ಪೋರ್ಟಲ್‌ನಲ್ಲಿ ಪ್ಲಾನ್ ಆರಿಸಿ, ಕುಟುಂಬದವರ ಹೆಸರು ಸೇರಿಸಿ, ಕೊನೆಯ ಪುಟದ ದೃಢೀಕರಣವನ್ನು ಉಳಿಸಿಕೊಳ್ಳಿ. ಗಡುವು ತಪ್ಪಿದರೆ ಸಾಮಾನ್ಯವಾಗಿ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ (ವರ್ಷಕ್ಕೊಮ್ಮೆ ಪ್ಲಾನ್ ಆರಿಸಲು ಸಿಗುವ ಅವಧಿ) ಬಾಗಿಲು ಮುಚ್ಚಿದಂತೆಯೇ. ಮಗು ಹುಟ್ಟಿದರೆ ಸೇರಿಸಲು ಕನಿಷ್ಠ 30 ದಿನ ಸಿಗುತ್ತದೆ, ರಕ್ಷಣೆ ಹುಟ್ಟಿದ ದಿನದಿಂದಲೇ.

ವರ್ಷದ ಮಧ್ಯೆ ಬದಲಾದರೆ ಡಿಡಕ್ಟಬಲ್ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರು. ಹಳೆಯ ಪ್ಲಾನ್‌ನಲ್ಲಿ ಅದು ಆಗಲೇ ತುಂಬಿದ್ದರೆ, ಮುಂದೂಡಿದ್ದ ಸ್ಕ್ಯಾನ್, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳನ್ನು ಅಲ್ಲಿರುವಾಗಲೇ ಮುಗಿಸಿಕೊಳ್ಳಿ.