ವಿಕ್ಟೋರಿಯಾ ರೂಪಾಯಿಗಳ ಲಾಟ್‌ಗೆ ಬಿಡ್ ಹಾಕುವ ಮುನ್ನ ದಯವಿಟ್ಟು ಇದನ್ನು ಓದಿ

ಆನ್‌ಲೈನ್ ಹರಾಜಿನಲ್ಲಿ ಹಳೆಯ ನಾಣ್ಯಗಳನ್ನು ಲಾಟ್ ಲೆಕ್ಕದಲ್ಲಿ ಕೊಂಡು, ಬಿಡಿಬಿಡಿಯಾಗಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳಬಹುದೆಂದು ಯೋಚಿಸುತ್ತಿರುವ ಎಲ್ಲರಿಗೂ ಈ ಎಚ್ಚರಿಕೆ. ನನ್ನ ಹಣ ಹೋಯಿತು, ಅದು ಒಂದು ಕಡೆ ಇರಲಿ. ನನ್ನಿಂದ ಕೊಂಡ ಒಬ್ಬ ಹಿರಿಯರ ಮುಂದೆ ನಾನೇ ಮೋಸಗಾರನಾಗಿ ನಿಲ್ಲಬೇಕಾಯಿತು. ಅದರ ಸಿಟ್ಟು ಇನ್ನೂ ಇಳಿದಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುವ ನಾಣ್ಯ ಹರಾಜು ಹೇಗಿರುತ್ತದೆಂದು ಈ ದಾರಿಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೆ ಫೋಟೋ ಬೀಳುತ್ತದೆ, ಹತ್ತಕ್ಕೆ ಮುಗಿಯುತ್ತದೆ, ಕೊನೆಯ ಗಳಿಗೆಯಲ್ಲಿ ಬಿಡ್ ಬಂದರೆ ಐದು ನಿಮಿಷ ಮುಂದಕ್ಕೆ ಹೋಗುತ್ತದೆ, ಗೆದ್ದವರು ಮರುದಿನದೊಳಗೆ ಯುಪಿಐ ಮೂಲಕ ಹಣ ಕಳಿಸಬೇಕು, ಅಂಚೆ ಖರ್ಚು ಪ್ರತ್ಯೇಕ. ಆ ರಾತ್ರಿ ಬಿದ್ದ ಲಾಟ್‌ನಲ್ಲಿ ಹತ್ತು ರೂಪಾಯಿಗಳಿದ್ದವು, ಎಲ್ಲವೂ ವಿಕ್ಟೋರಿಯಾ ರಾಣಿಯವು, ಎಲ್ಲದರ ಮೇಲೂ 1862 ಎಂಬ ಇಸವಿ. ಈ ಇಸವಿಯ ವಿಚಾರ ಬಲ್ಲವರಿಗೆ ಅದರ ಆಕರ್ಷಣೆಯೂ ಗೊತ್ತಿರುತ್ತದೆ. ಬ್ರಿಟಿಷ್ ಸರ್ಕಾರ 1862 ಎಂಬ ಅಂಕಿಯನ್ನು ಬದಲಿಸದೆ 1874ರವರೆಗೂ ರೂಪಾಯಿಗಳನ್ನು ಟಂಕಿಸಿತು. ಆದ್ದರಿಂದ ನಾಣ್ಯ ನಿಜಕ್ಕೂ ಯಾವ ವರ್ಷದ್ದೆಂಬ ಸುಳಿವಿಗಾಗಿ, ಹಿಮ್ಮುಖದಲ್ಲಿ ಇಸವಿಯ ಆಸುಪಾಸು ಇರುವ ಸಣ್ಣ ಚುಕ್ಕೆಗಳು ಎಷ್ಟು, ಎಲ್ಲಿ ಎಂಬುದನ್ನು ನೋಡಿಯೇ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ. ಸಾಮಾನ್ಯ ನಾಣ್ಯ ಬೆಳ್ಳಿಯ ದರಕ್ಕಿಂತ ಸ್ವಲ್ಪವೇ ಹೆಚ್ಚಿಗೆ ಹೋದರೆ, ಅಪರೂಪದ ಚುಕ್ಕೆಯ ನಾಣ್ಯಕ್ಕೆ ಅದರ ಹಲವು ಪಟ್ಟು ಕೇಳಬಹುದು. ಮರುಮಾರಾಟ ಶುರು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸರಕು ಬೇರೆ ಇಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾರುವವನಿಗೂ ಅದು ಚೆನ್ನಾಗಿ ಗೊತ್ತಿತ್ತು.

ಚುಕ್ಕೆ ಕಾಣಲಿ ಎಂಬ ನೆಪದಲ್ಲಿ ಫೋಟೋದಲ್ಲಿ ಹತ್ತೂ ನಾಣ್ಯಗಳ ಹಿಮ್ಮುಖವನ್ನಷ್ಟೇ ತೋರಿಸಿದ್ದರು. ರಾಣಿಯ ಮುಖವಿರುವ ಬದಿಯ ಫೋಟೋ ಬೇಕೆಂದು ನಾನು ಖಾಸಗಿಯಾಗಿ ಕೇಳಿದೆ. ಒಂದು ನಾಣ್ಯದ ಮುಮ್ಮುಖವನ್ನು ಸ್ಪಷ್ಟವಾಗಿ ತೆಗೆದು ಕಳಿಸಿದ ಮಾರಾಟಗಾರ, "ಉಳಿದವೂ ಇದೇ ಕಂಡೀಷನ್ನೇ ಅಣ್ಣಾ, ಒಂದಕ್ಕಿಂತ ಒಂದು ಕಮ್ಮಿ ಇಲ್ಲ" ಎಂದು ಬರೆದ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವನು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾಗಿದ್ದದ್ದು ಇದೊಂದೇ.

ಐದು ಸಾವಿರದಿಂದ ಶುರುವಾದ ಬಿಡ್ ಹತ್ತು ಸಾವಿರ ದಾಟುವ ಹೊತ್ತಿಗೆ ಉಳಿದವರೆಲ್ಲ ಹಿಂದೆ ಸರಿದು, ನಾನು ಮತ್ತು ಇನ್ನಿಬ್ಬರು ಮಾತ್ರ ಉಳಿದಿದ್ದೆವು. ನಾನು ಏರಿಸಿದಾಗಲೆಲ್ಲ ಇಬ್ಬರಲ್ಲಿ ಒಬ್ಬರು ಐನೂರು ಏರಿಸುತ್ತಿದ್ದರು. ಒಬ್ಬರಂತೂ ನಡುವೆ "ಈ ಚುಕ್ಕೆ ಮತ್ತೆ ಸಿಗಲ್ಲ, ನಾನು ಬಿಡಲ್ಲ" ಎಂದು ಬರೆದು ನನ್ನ ಹುರುಪು ಹೆಚ್ಚಿಸಿದರು. ಹತ್ತು ಗಂಟೆಗೆ ಮುಗಿಯಬೇಕಾದ ಹರಾಜು ಹತ್ತೂವರೆಯಾದರೂ ಮುಗಿಯಲಿಲ್ಲ. ಕೊನೆಗೆ ಇಪ್ಪತ್ತಮೂರೂವರೆ ಸಾವಿರಕ್ಕೆ ಲಾಟ್ ನನ್ನದಾಯಿತು. ಎಲ್ಲರೂ ಅಭಿನಂದಿಸಿದರು, "ಬಿಡಲ್ಲ" ಎಂದಿದ್ದವರೂ ಸೇರಿ. ಇಷ್ಟು ತಿಳಿದವರು ಇಷ್ಟರ ತನಕ ಬಿಡ್ ಹಾಕಿದ್ದಾರೆಂದರೆ ಸರಕು ಸಾಚಾ ಇರಲೇಬೇಕು ಎಂಬ ಭಾವನೆಯನ್ನು ಹುಟ್ಟಿಸುವುದೇ ಈ ಹರಾಜಿನ ಕೆಲಸ, ಅದಕ್ಕಾಗಿಯೇ ಅದನ್ನು ಹರಾಜು ಮಾಡುತ್ತಾರೆ, ಇಲ್ಲದಿದ್ದರೆ ಬೆಲೆ ಬರೆದು ಮಾರಬಹುದಿತ್ತಲ್ಲ?

ಪಾರ್ಸೆಲ್ ಬಂತು. ತೂಕ ಹಾಕಿದೆ, 11.6 ಗ್ರಾಂ ಆಸುಪಾಸು. ಅಸಲಿ ರೂಪಾಯಿಯ ತೂಕ 11.66 ಗ್ರಾಂ, ಸವೆತಕ್ಕೆ ಅಷ್ಟು ಸರಿಯೇ. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಎಲ್ಲರೂ ಹೇಳಿಕೊಡುವ ಪರೀಕ್ಷೆಗಳು ಇವೇ, ಎರಡರಲ್ಲೂ ಆ ನಾಣ್ಯಗಳು ಪಾಸಾದವು. ಒಂದನ್ನು ಮಾರಾಟಕ್ಕೆ ಹಾಕಿದೆ. ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರು ಕೊಂಡರು. ನಾಣ್ಯ ತಲುಪಿದ ದಿನ ಸಂಜೆ ಅವರಿಂದ ಮೆಸೇಜು ಬಂತು: "ಸರ, ಸಿಟ್ಟಾಗಬ್ಯಾಡ್ರಿ. ಇದು ಬೆಳ್ಳಿ ಅಲ್ರಿ, ಟಂಕಸಾಲಿದೂ ಅಲ್ಲ. ನಿಮ್ಮ ಹತ್ರ ಇಂಥವು ಇನ್ನೂ ಇದ್ರ ರಾಣಿ ಗಲ್ಲ ನೋಡ್ರಿ." ಜೊತೆಗೆ ಭೂತಗನ್ನಡಿ ಹಿಡಿದು ತೆಗೆದ ಫೋಟೋ. ರಾಣಿಯ ಕೆನ್ನೆಯ ಮೇಲೆ ಕಿವಿಯ ಕಡೆಗೆ ಓರೆಯಾಗಿ ಎಳೆದಂತೆ ಒಂದು ಗೀರು, ಅಲ್ಲೇ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ನಗ್ಗು. ಹಳೆಯ ನಾಣ್ಯದಲ್ಲಿ ಗೀರು ಇರುವುದೇನು ದೊಡ್ಡದು ಎಂದುಕೊಂಡು ಉಳಿದ ಒಂಬತ್ತನ್ನು ಹೊರತೆಗೆದು, ಮುಖ ಮೇಲಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಒಂಬತ್ತು ನಾಣ್ಯಗಳಲ್ಲೂ ಅದೇ ಗೀರು. ಅದೇ ಜಾಗ, ಅದೇ ಓರೆ, ಅದೇ ಉದ್ದ. ಒಂಬತ್ತರಲ್ಲೂ ಅದೇ ನಗ್ಗು. ನೂರೈವತ್ತು ವರ್ಷ ಬೇರೆ ಬೇರೆ ಜೇಬು, ಬೇರೆ ಬೇರೆ ತಿಜೋರಿ ಸುತ್ತಿ ಬಂದ ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ಗಾಯ ಆಗುವುದು ಸಾಧ್ಯವೇ ಇಲ್ಲ. ಯಾರೋ ಗೀರು ಬಿದ್ದ ಒಂದು ಅಸಲಿ ನಾಣ್ಯವನ್ನು ಮಾದರಿಯಾಗಿಟ್ಟುಕೊಂಡು ಅಚ್ಚು ತೆಗೆದಿದ್ದಾರೆ, ಅಚ್ಚಿನೊಂದಿಗೆ ಗೀರೂ ಬಂದಿದೆ. ತಿರುಗಿಸಿ ನೋಡಿದರೆ ಹಿಮ್ಮುಖಕ್ಕೆ ಮಾತ್ರ ಮೂರು ಬೇರೆ ಬೇರೆ ಅಚ್ಚುಗಳನ್ನು ಬಳಸಿದ್ದರು, ಚುಕ್ಕೆಗಳ ವೈವಿಧ್ಯ ತೋರಿಸುವುದಕ್ಕೆ. ಫೋಟೋದಲ್ಲಿ ಹಿಮ್ಮುಖವನ್ನಷ್ಟೇ ತೋರಿಸಿದ್ದು ಏಕೆ, ಕೇಳಿದಾಗ ಒಂದೇ ಒಂದು ಮುಮ್ಮುಖ ಕಳಿಸಿದ್ದು ಏಕೆ ಎಂಬುದು ಆ ಕ್ಷಣದಲ್ಲಿ ಗೊತ್ತಾಯಿತು. "ಉಳಿದವೂ ಇದೇ ಕಂಡೀಷನ್ನೇ ಅಣ್ಣಾ." ಮನೆಯವರು ಊಟಕ್ಕೆ ಕರೆಯುತ್ತಿದ್ದರು, ನನಗೆ ಎದ್ದು ಹೋಗಿ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ.

ಮರುದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪರಿಚಯದ ಅಕ್ಕಸಾಲಿಗರ ಬಳಿ ಒಯ್ದೆ. ಅವರು ಒರೆಗಲ್ಲಿಗೆ ಉಜ್ಜಿ, ಆಮ್ಲದ ಹನಿ ಹಾಕಿ, "ಜರ್ಮನ್ ಸಿಲ್ವರ್ ಸ್ವಾಮಿ, ಮೇಲೆ ಬೆಳ್ಳಿ ನೀರು ಕೊಟ್ಟಿದಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಜರ್ಮನ್ ಸಿಲ್ವರ್ ಎಂದರೆ ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹ. ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿ ಇಲ್ಲ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬೆಳ್ಳಿಗಿಂತ ಹಗುರವಾದ್ದರಿಂದ ನಾಣ್ಯವನ್ನು ತುಸು ದಪ್ಪ ಮಾಡಿದರೆ ತೂಕವೂ ಸರಿಹೋಗುತ್ತದೆ. ತಿರುಗಾಮುರುಗಾ ಎಂದರೆ ಇದೇ: 1947ರ ಹುಲಿ ಚಿತ್ರದ ಅಸಲಿ ರೂಪಾಯಿ ನಿಕ್ಕಲ್‌ನದಾದ್ದರಿಂದ ಅಯಸ್ಕಾಂತಕ್ಕೆ ಅಂಟುತ್ತದೆ, ನನ್ನ ನಕಲಿ ವಿಕ್ಟೋರಿಯಾ ಅಂಟುವುದಿಲ್ಲ.

ಇನ್ನು ಮಾರಾಟಗಾರನ ಉತ್ತರಗಳು. ಇವನ್ನು ಓದಿದರೆ ಆ ಕಡೆಯವರು ಎಷ್ಟು ತಯಾರಿ ಮಾಡಿಕೊಂಡು ಕುಳಿತಿರುತ್ತಾರೆಂದು ತಿಳಿಯುತ್ತದೆ. ಮೊದಲ ಉತ್ತರ ವಿನಯದಿಂದಲೇ ಬಂತು: "ಅಣ್ಣಾ, ಅನ್‌ಬಾಕ್ಸಿಂಗ್ ವಿಡಿಯೊ ಇದ್ಯಾ? ಪಾರ್ಸೆಲ್ ಒಡೆಯೋದರಿಂದ ಹಿಡಿದು ಕಟ್ ಇಲ್ಲದೆ ಇರಬೇಕು." ವಿಡಿಯೊ ಇರಲಿಲ್ಲ. ಎರಡನೆಯ ಉತ್ತರದಲ್ಲಿ ಅಣ್ಣ ಹೋಗಿ ಸರ್ ಬಂದಿತ್ತು: "ಸರ್, ನೀವೇ ಬದಲಾಯಿಸಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ? ನಾವು ಒಳ್ಳೇದೇ ಕಳಿಸಿದ್ದು." ಒಂಬತ್ತು ನಾಣ್ಯಗಳ ಒಂದೇ ಗೀರಿನ ಫೋಟೋ ಕಳಿಸಿ, ಅವನೇ ಹರಾಜಿಗೆ ಮುನ್ನ ಕಳಿಸಿದ್ದ ಮುಮ್ಮುಖದ ಫೋಟೋದಲ್ಲೂ ಅದೇ ಗೀರು ಇರುವುದನ್ನು ಗುರುತು ಹಾಕಿ ತೋರಿಸಿದೆ. ಇದಕ್ಕೆ ಉತ್ತರವಿಲ್ಲ ಎಂದುಕೊಂಡಿದ್ದೆ. ಒಂದು ದಿನ ಸುಮ್ಮನಿದ್ದು ಬರೆದ: "ಹಂಗಾದ್ರೆ ಫೋಟೋದಲ್ಲಿ ಇದ್ದದ್ದೇ ಬಂದಿದೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತಲ್ಲ ಸರ್. ನಾವು ಬೆಳ್ಳಿ ಅಂತ ಎಲ್ಲಿ ಬರೆದಿದ್ದೀವಿ ತೋರಿಸಿ."

ಹರಾಜಿನ ಬರಹವನ್ನು ಮತ್ತೆ ತೆಗೆದು ಓದಿದೆ. "1862 ವಿಕ್ಟೋರಿಯಾ ರೂಪಾಯಿ, ಹತ್ತು, ಚುಕ್ಕೆ ವೆರೈಟಿ, ಇದ್ದ ಹಾಗೇ ಮಾರಾಟ." ಬೆಳ್ಳಿ ಎಂಬ ಪದ ಅದರಲ್ಲಿ ಇಲ್ಲವೇ ಇಲ್ಲ. 1862ರ ರೂಪಾಯಿ ಎಂದರೆ ಬೆಳ್ಳಿಯದೇ, ಶೇಕಡ 91.7ರಷ್ಟು ಬೆಳ್ಳಿ, ಅದು ಜಗತ್ತಿಗೇ ಗೊತ್ತಿರುವ ಸಂಗತಿ. ಅಕ್ಕಿ ಮಾರುವವನು ಚೀಲದ ಮೇಲೆ ತಿನ್ನುವಂಥದ್ದು ಎಂದು ಬರೆಯುತ್ತಾನೆಯೇ? ಹಾಗೆಂದು ಕೇಳಿದ್ದಕ್ಕೆ ಬಂದ ಉತ್ತರ: "ಕೋರ್ಟಿಗೆ ಹೋಗ್ತೀರಾ? ಹೋಗಿ. ನೀವು ಮಾರೋದಕ್ಕೆ ತಗೊಂಡವರು, ಕನ್ಸ್ಯೂಮರ್ ಅಲ್ಲ." ಇದನ್ನು ಓದಿದಾಗ ಬೆವರಿದೆ, ಏಕೆಂದರೆ ಅದೂ ಸರಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮರುಮಾರಾಟಕ್ಕಾಗಿ ಸರಕು ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಹರಾಜಿಗೆ ಮುನ್ನ "ನಿಮ್ಮ ಕಲೆಕ್ಷನ್‌ಗಾ ಅಣ್ಣಾ, ಸೇಲ್‌ಗಾ?" ಎಂದು ಅವನು ಆತ್ಮೀಯವಾಗಿ ವಿಚಾರಿಸಿದ್ದ, "ಮಾರುವುದಕ್ಕೆ" ಎಂದು ನಾನು ಬರೆದಿದ್ದೆ. ಆ ಮೆಸೇಜಿನ ಸ್ಕ್ರೀನ್‌ಶಾಟನ್ನೇ ಈಗ ಕಳಿಸಿದ. ಆಮೇಲೆ ಬ್ಲಾಕ್ ಮಾಡಿದ.

ಗುಂಪಿನ ಅಡ್ಮಿನ್‌ಗೆ ದೂರು ಹೇಳಿದರೆ, ಗುಂಪು ಬರೀ ವೇದಿಕೆ, ವ್ಯವಹಾರ ನಿಮ್ಮಿಬ್ಬರದು ಎಂಬ ಉತ್ತರ ಬಂತು. ಅರ್ಧ ಗಂಟೆಯಲ್ಲಿ ನನ್ನನ್ನು ಗುಂಪಿನಿಂದ ತೆಗೆದರು. ಮಾರಿದವನು ಅಲ್ಲೇ ಇದ್ದಾನೆ. ಇದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿದೆ. ಅದೇ ಗುಂಪಿನಲ್ಲಿ ಬೇರೆ ಲಾಟ್ ಕೊಂಡು ನನ್ನಂತೆಯೇ ಹಣ ಕಳೆದುಕೊಂಡ ಒಬ್ಬರು ತಮ್ಮ ಪಾವತಿಯ ಸ್ಕ್ರೀನ್‌ಶಾಟ್ ಕಳಿಸಿದರು. ಅವರು ಹಣ ಹಾಕಿದ್ದು ಆ ರಾತ್ರಿ "ನಾನು ಬಿಡಲ್ಲ" ಎಂದು ನನ್ನೆದುರು ಬಿಡ್ ಏರಿಸಿದ್ದ ನಂಬರಿಗೆ. ಆದರೆ ಯುಪಿಐ ಪರದೆಯಲ್ಲಿ ಕಂಡ ಬ್ಯಾಂಕ್ ಖಾತೆಯ ಹೆಸರು ನಾನು ಹಣ ಹಾಕಿದ ಖಾತೆಯದೇ. ಅಂದರೆ ಐದು ಸಾವಿರದ ಸರಕನ್ನು ಇಪ್ಪತ್ತಮೂರೂವರೆಗೆ ಏರಿಸಿದ ಪೈಪೋಟಿಯಲ್ಲಿ, ಕನಿಷ್ಠ ಒಂದು ಕಡೆಯಿಂದ ಆಡುತ್ತಿದ್ದವನು ಮಾರಾಟಗಾರನೇ. ನನ್ನನ್ನು ಅಭಿನಂದಿಸಿದವನೂ ಅವನೇ. ಐದು ಸಾವಿರಕ್ಕೂ ಅದು ಬೆಲೆಬಾಳುವುದಿಲ್ಲ, ಅದು ಬೇರೆ ಮಾತು.

ಧಾರವಾಡದ ಮೇಷ್ಟ್ರಿಗೆ ಅಂಚೆ ಖರ್ಚು ಸೇರಿಸಿ ಹಣ ಹಿಂದಿರುಗಿಸಿದೆ. ಅವರು ಒಂದು ಕಟು ಮಾತನ್ನೂ ಆಡಲಿಲ್ಲ. "ಇರ್ಲಿ ಬಿಡ್ರಿ, ಮುಂದ ನೋಡಿ ತಗೋರಿ" ಎಂದರು. ಆದರೆ ನನ್ನಿಂದ ಮತ್ತೇನೂ ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೊಳ್ಳುತ್ತಿರಲಿಲ್ಲ.

ಸೈಬರ್ ವಂಚನೆಯ 1930 ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಠಾಣೆಗೂ ವಂಚನೆಯ ದೂರು ಬರೆದುಕೊಟ್ಟಿದ್ದೇನೆ. ಹಣ ಕಳಿಸಿದ ಕೂಡಲೇ ಈ ನಂಬರಿಗೆ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆದರೆ ನಾಣ್ಯದ ವ್ಯವಹಾರದಲ್ಲಿ ಮೋಸ ಗೊತ್ತಾಗುವುದೇ ಪಾರ್ಸೆಲ್ ಬಂದು, ಅದು ಕೈಬದಲಾದ ಮೇಲೆ. ಅಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ.

ನೀವು ಕೊಳ್ಳಲೇಬೇಕೆಂದಿದ್ದರೆ ಲಾಟ್‌ನಲ್ಲಿರುವ ಪ್ರತಿ ನಾಣ್ಯದ ಎರಡೂ ಬದಿ ಮತ್ತು ಅಂಚಿನ ಫೋಟೋ ಕೇಳಿ, ಗೀರು ನಗ್ಗುಗಳನ್ನು ಒಂದಕ್ಕೊಂದು ಹೋಲಿಸಿ. ಕೊಡುವುದಿಲ್ಲ ಎಂದರೆ ಅಲ್ಲಿಗೆ ಬಿಡಿ. "ಅಸಲಿ ಬೆಳ್ಳಿ, ಅಲ್ಲದಿದ್ದರೆ ವಾಪಸ್" ಎಂದು ಅವರ ಕೈಯಿಂದಲೇ ಬರೆಸಿಕೊಳ್ಳಿ. ಕಲೆಕ್ಷನ್‌ಗಾ ಸೇಲ್‌ಗಾ ಎಂದು ಕೇಳುವವರಿಗೆ ಉತ್ತರಿಸುವ ಅಗತ್ಯವಿಲ್ಲ. ಪಾರ್ಸೆಲ್ ಒಡೆಯುವಾಗ ವಿಡಿಯೊ ತೆಗೆಯಿರಿ, ಅದೇ ವಿಡಿಯೊದಲ್ಲಿ ನೀರಿನ ಪರೀಕ್ಷೆಯನ್ನೂ ಮಾಡಿ: ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿದರೆ, ಅಸಲಿ ರೂಪಾಯಿಗೆ ಸುಮಾರು 1.13 ಗ್ರಾಂ ತೋರಿಸುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರ್ ನಕಲಿಗೆ 1.3 ದಾಟುತ್ತದೆ. ಬೆಳ್ಳಿ ನೀರು ಎಷ್ಟು ಕೊಟ್ಟರೂ ಈ ಲೆಕ್ಕದಲ್ಲಿ ಅವರಿಂದ ಮೋಸ ಮಾಡಲು ಆಗುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ರಾಮ ಪಟ್ಟಾಭಿಷೇಕದ ಚಿತ್ರ ಇರುವ ತಾಮ್ರದ ಬಿಲ್ಲೆಗಳನ್ನು ಯಾರಾದರೂ ನಾಣ್ಯವೆಂದು ಲಕ್ಷಗಟ್ಟಲೆಗೆ ತೋರಿಸಿದರೆ ತೂಗುವ ಶ್ರಮವೂ ಬೇಡ, ಕಂಪನಿ ಅಂಥ ನಾಣ್ಯವನ್ನು ಟಂಕಿಸಲೇ ಇಲ್ಲ. ನಿಮ್ಮ ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಗುಂಪಿನ ಹಳಬರು ಯಾರೋ ಭರವಸೆ ಕೊಟ್ಟರೆಂದು ನಂಬಬೇಡಿ. ನನಗೆ ಭರವಸೆ ಕೊಟ್ಟ ಹಳಬರು ಯಾರೆಂದು ಮೇಲೆ ಬರೆದಿದ್ದೇನೆ.

ಇದನ್ನು ಈಗಲೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಅದೇ ಫೋಟೋ ಬೇರೆ ಹೆಸರಿನಲ್ಲಿ, ಬೇರೆ ಗುಂಪಿನಲ್ಲಿ ಮತ್ತೆ ಹರಾಜಿಗೆ ಬಂದಿರುವುದನ್ನು ಗೆಳೆಯರೊಬ್ಬರು ತೋರಿಸಿದರು. ನೀಲಿ ಮಖಮಲ್ ಬಟ್ಟೆ, ಎರಡು ಸಾಲಿನಲ್ಲಿ ಹತ್ತು ರೂಪಾಯಿ, ಎಲ್ಲದರ ಹಿಮ್ಮುಖವೂ ಮೇಲೆ, ಕೆಳಗೆ ಸ್ಟೀಲ್ ಸ್ಕೇಲ್. ಆರಂಭದ ಬೆಲೆಯನ್ನು ಈ ಸಲ ಮೂರು ಸಾವಿರಕ್ಕೆ ಇಳಿಸಿದ್ದಾರೆ. ಆ ಫೋಟೋ ನಿಮ್ಮ ಗುಂಪಿಗೆ ಬಂದರೆ ಬಿಡ್ ಹಾಕಬೇಡಿ, ಹತ್ತರ ಮುಮ್ಮುಖವನ್ನೂ ಒಂದೇ ಫೋಟೋದಲ್ಲಿ ತೋರಿಸಿ ಎಂದು ಎಲ್ಲರಿಗೂ ಕಾಣುವಂತೆ ಗುಂಪಿನಲ್ಲೇ ಕೇಳಿ.