ಅಟ್ಲಾಸ್ ಪತಂಗವೋ ಚಂದ್ರ ಪತಂಗವೋ: ಸಾಕಿ ನೋಡಲು ಯಾವುದು?

ಕಾಡಿನ ಪತಂಗವೊಂದನ್ನು ಮೊಟ್ಟೆಯಿಂದ ರೆಕ್ಕೆಯವರೆಗೂ ಸಾಕಿ ನೋಡುವ ಆಸೆಯಿದ್ದರೆ, ಮೊದಲ ಸಲಕ್ಕೆ ಚಂದ್ರ ಪತಂಗವೇ ವಾಸಿ. ಅಟ್ಲಾಸ್ ಕಣ್ಣಿಗೆ ಹಬ್ಬ ನಿಜ, ಆದರೆ ಜಾಗ, ಸೊಪ್ಪು ಎರಡನ್ನೂ ವಿಪರೀತ ಬೇಡುತ್ತದೆ.

ಎರಡೂ ಏಷ್ಯಾದ ಕಾಡುಗಳವು. ಅಟ್ಲಾಸ್‌ನ ಕೆಂಗಂದು ರೆಕ್ಕೆ 24 ಸೆಂ.ಮೀ.ವರೆಗೂ ಹರಡುತ್ತದೆ, ಅದರ ತುದಿ ಹಾವಿನ ಹೆಡೆಯಂತೆ, ನಡುವೆ ಗಾಜಿನಂಥ ಕಿಟಕಿ. ಚಂದ್ರ ಪತಂಗ ಸುಮಾರು ಅದರರ್ಧ: ತಿಳಿಹಸಿರು ರೆಕ್ಕೆ, ಉದ್ದ ಬಾಲ.

ಎರಡರ ಮೊಟ್ಟೆಯೂ ಒಂದೆರಡು ವಾರದಲ್ಲಿ ಒಡೆಯುತ್ತದೆ. ಚಂದ್ರನ ಮರಿಹುಳು ಮೊದಲು ಕೆಂಪು, ಪೊರೆ ಬಿಡುತ್ತ ಹಸಿರು. ಅಟ್ಲಾಸ್‌ನದು ಬಿಳಿ ಮೇಣದ ಪುಡಿ ಮೆತ್ತಿಕೊಂಡು 10 ಸೆಂ.ಮೀ. ದಾಟುತ್ತದೆ. ಶುರುಮಾಡಿದ ಸೊಪ್ಪನ್ನು ನಡುವೆ ಬದಲಿಸಬೇಡಿ, ಹುಳು ಉಪವಾಸ ಕೂರುತ್ತದೆ. ಡಬ್ಬಿಯ ಗೋಡೆಯಲ್ಲಿ ನೀರು ಕೂತರೆ ಹಿಕ್ಕೆ ಬೂಸ್ಟು ಹಿಡಿದು ರೋಗ ಹರಡುತ್ತದೆ.

ಹೆಚ್ಚು ಕೆಡುವುದು ಕೊನೆಗೆ. ಹುಳು ನೇಯ್ದುಕೊಂಡ ಗೂಡಿನಿಂದ ಬಂದ ಪತಂಗ ಮೇಲೇರಿ ನೇತಾಡಿ, ಮುದುಡಿದ ರೆಕ್ಕೆಗೆ ದ್ರವ ತುಂಬಿಸಿಕೊಳ್ಳಬೇಕು. ನುಣುಪು ಪ್ಲಾಸ್ಟಿಕ್‌ನಲ್ಲಿ ಕಾಲು ಜಾರಿತೋ, ರೆಕ್ಕೆ ಸೊಟ್ಟಗೇ ಒಣಗುತ್ತದೆ; ಮತ್ತೆ ಸರಿಹೋಗದು. ಒರಟು ಬಲೆ ಕಟ್ಟಿ. ಅಟ್ಲಾಸ್‌ಗೆ ಕೆಳಗೆ 30 ಸೆಂ.ಮೀ. ಖಾಲಿ ಜಾಗ ಬಿಡಿ, ಗೂಡನ್ನು ಕಡ್ಡಿಯ ಸಮೇತ ತೂಗುಹಾಕಿ.

ಜೇನುನೀರು ಇಡುವ ಗೋಜು ಬೇಡ: ಬೆಳೆದ ಪತಂಗ ಎರಡರಲ್ಲೂ ಏನೂ ತಿನ್ನುವುದಿಲ್ಲ, ಹೆಚ್ಚೆಂದರೆ ಒಂದೆರಡು ವಾರ ಬದುಕುತ್ತದೆ.